ಮಾಳಿಗೆಯ ಮೇಲೆ ಮಲೆನಾಡು

ಓದುವವರು ಹತ್ತು ಮಂದಿ ಇದ್ದರೆ ಒಂದು ಗ್ರಂಥವು ಹತ್ತು ಗ್ರಂಥಗಳಾಗುವುದೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹೇಳುತ್ತ ಬಂದೆನು. ಹೇಳುವುದು ಸುಲಭ. ಆ ಮಾತು ನಿಜವೆಂಬುದು ನನ್ನ ಅನುಭವಕ್ಕೆ ಬಂದುದು ನಿವೃತ್ತನಾದ ತರುವಾಯ, ಕೌಲ್ ಬಜಾರಿನ ನಮ್ಮ ಮನೆಯ ಮಾಳಿಗೆಯ ಮೇಲೆ, ಕಳೆದ ಬೇಸಗೆಯಲ್ಲಿ. ಆ ವೃತ್ತಾಂತವನ್ನು ನಮ್ಮ ಮಾಸಿಕದ ವಾಚಕರಲ್ಲಿ ನಿವೇದಿಸಿಕೊಳ್ಳಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಬಳ್ಳಾರಿಯ ಬೇಸಗೆಯನ್ನು ಬಳ್ಳಾರಿಯವರಿಗೆ ವರ್ಣಿಸುವುದು ಅಧಿಕಪ್ರಸಂಗ. ಹೊತ್ತು ಮುಳುಗಿದ ಮೇಲೆಯೂ ಗೋಡೆಗಳು ಒಲೆಯ ಕಲ್ಲಿನಂತೆ ಕಾಯ್ದಿರುತ್ತವೆ. ಆಗ ನೀರು ಚಿಮುಕಿಸಿದ ಮಾಳಿಗೆಯೊಂದೇ ಮನುಷ್ಯನಿಗೆ ಆಶ್ರಯ. ಯುಗಾದಿ ಕಳೆದ ಮೇಲೆ ನಮ್ಮ ಓಣಿಯ ಕೆಲವರು ಸಂಜೆ ಏಳರ ಸುಮಾರಿಗೆ ನಮ್ಮ ಮಾಳಿಗೆಗೆ ಬಂದು ಸೇರುವುದು ವಾಡಿಕೆಯಾಯಿತು. ಇಬ್ಬರು ಮೂವರು ಸೇರಿದ ಕಡೆ ಹರಟೆ ಹುಟ್ಟುವುದು; ಹರಟೆ ಬೆಳೆದರೆ ರಾಜಕೀಯವಾಗುವುದು; ರಾಜಕೀಯವಾದರೆ ಸ್ನೇಹ ಕೆಡುವುದು. ಅದನ್ನು ತಪ್ಪಿಸುವುದಕ್ಕಾಗಿ, ದಿನಕ್ಕೊಂದು ಗಂಟೆ ಯಾವುದಾದರೂ ಒಳ್ಳೆಯ ಗ್ರಂಥವನ್ನು ಗಟ್ಟಿಯಾಗಿ ಓದುವುದೆಂದು ಗೊತ್ತು ಮಾಡಿಕೊಂಡೆವು.

ಕೂಟವು ವಿಚಿತ್ರವಾದುದು. ರೈಲ್ವೆಯಲ್ಲಿ ಗಾರ್ಡಾಗಿದ್ದು ವಿಶ್ರಾಂತರಾದವರೊಬ್ಬರು, ಮನೆಮಾತು ತೆಲುಗು, ನನ್ನನ್ನು ‘ಪಂತುಲುಗಾರು’ ಎಂದೇ ಕರೆಯುವವರು. ಜೀನ್ಸ್ ಪ್ಯಾಂಟುಗಳನ್ನು ಹೊಲಿಯಿಸುವ ದರ್ಜಿ ಸಾಹೇಬರೊಬ್ಬರು. ಅವರ ಅಜ್ಜ ಇದೇ ಬಜಾರಿನಲ್ಲಿ ಕುಳಿತು ದಂಡಿನ ಸಿಪಾಯಿಗಳಿಗೆ ಉಡುಪು ಹೊಲಿದವರಂತೆ. ಔಷಧದ ಅಂಗಡಿಯ ಯಜಮಾನಿತಿಯೊಬ್ಬರು. ಕಾಲೇಜಿನಲ್ಲಿ ಓದುವ ಅವರ ಮಗಳು. ತೀರ್ಥಹಳ್ಳಿಯ ಕಡೆಯಿಂದ ವರ್ಗವಾಗಿ ಬಂದು ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ಬ್ಯಾಂಕಿನ ಗುಮಾಸ್ತರೊಬ್ಬರು. ಇವರಲ್ಲದೆ, ಮೆಟ್ಟಿಲಿನ ಕೊನೆಯ ಹಂತದಲ್ಲಿ ಕುಳಿತು ಶೇಂಗಾ ಸುಲಿಯುತ್ತ, ತಾನು ಈ ಕೂಟಕ್ಕೆ ಸೇರಿದವಳಲ್ಲವೆಂಬಂತೆ ಕೇಳುತ್ತಿದ್ದ ನನ್ನ ಹೆಂಡತಿ.

ಕೌಲ್ ಬಜಾರಿಗೆ ಇಂತಹ ಕೂಟವು ಹೊಸದಲ್ಲ. ‘ಕೌಲು’ ಎಂಬುದು ಅರಬ್ಬೀ ಮೂಲದಿಂದ ಬಂದ ಶಬ್ದ. ಕೊಟ್ಟ ಮಾತು, ಅಭಯಪತ್ರ ಎಂದು ಅದರ ಅರ್ಥ. 1800ರಲ್ಲಿ ಈ ಸೀಮೆಯು ಇಂಗ್ಲೀಷರ ವಶವಾಗಿ ಬಳ್ಳಾರಿಯಲ್ಲಿ ದಂಡು ನೆಲೆಸಿತು. ದಂಡಿನ ಮಗ್ಗುಲಲ್ಲಿ ಬಜಾರು ಬೆಳೆಯಿತು. ಕನ್ನಡ, ತೆಲುಗು, ಉರ್ದು ಮೂರೂ ಇಲ್ಲಿ ಒಂದೇ ಕಟ್ಟೆಯ ಮೇಲೆ ಕುಳಿತಿವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿ, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದಾಗ ನಕ್ಷೆಯ ಮೇಲೆ ಗೆರೆ ಬಿದ್ದಿತು. ನಮ್ಮ ಓಣಿಯ ಮಾತಿನಲ್ಲಿ ಬೀಳಲಿಲ್ಲ.

ಪ್ರಕೃತಕ್ಕೆ ಬರೋಣ. ಯಾವ ಗ್ರಂಥವನ್ನು ಓದುವುದು? ಬ್ಯಾಂಕಿನ ಗುಮಾಸ್ತರು ತಮ್ಮ ಊರಿನ ಅಭಿಮಾನದಿಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ತಂದಿಟ್ಟರು. ಅದು 1967ರಲ್ಲಿ ಪ್ರಕಟವಾದುದು. ‘ಕಾನೂರು ಹೆಗ್ಗಡಿತಿ’ ಹೊರಬಂದು ಮೂವತ್ತೊಂದು ವರ್ಷಗಳ ಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲದ ಮಲೆನಾಡು ಅದರ ರಂಗಭೂಮಿ. ಪುಟಗಳೋ ಏಳುನೂರರ ಸುತ್ತಮುತ್ತ. ಗಾರ್ಡರು ಅದನ್ನು ಕೈಯಲ್ಲಿ ತೂಗಿ ನೋಡಿ, “ಪಂತುಲುಗಾರು, ಇದು ಮುಗಿಯುವುದರೊಳಗೆ ಮಳೆಗಾಲ ಬರುತ್ತದೆ” ಎಂದರು. ಹಾಗೆಯೇ ಆಯಿತು.

ಒಂದು ಗುಟ್ಟನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಆ ಗ್ರಂಥವನ್ನು ಅದುವರೆಗೆ ಪೂರ್ತಿಯಾಗಿ ಓದಿರಲಿಲ್ಲ. ತಾರುಣ್ಯದಲ್ಲಿ ನೂರು ಪುಟ ಓದಿ ಬಿಟ್ಟಿದ್ದೆನು. ಸಂಸ್ಕೃತ ಪಾಠಶಾಲೆಯಲ್ಲಿ ವಿಶ್ವನಾಥನ ಸಾಹಿತ್ಯದರ್ಪಣವನ್ನು ಬಾಯಿಪಾಠ ಮಾಡಿದ ಹುಡುಗನು ನಾನು. ಮಹಾಕಾವ್ಯಕ್ಕೆ ನಾಯಕನು ದೇವನಾಗಿರಬೇಕು, ಇಲ್ಲವೆ ಸದ್ವಂಶದ ಕ್ಷತ್ರಿಯನಾಗಿರಬೇಕು, ಧೀರೋದಾತ್ತ ಗುಣಗಳಿಂದ ಕೂಡಿರಬೇಕು ಎಂಬ ಲಕ್ಷಣವು ತಲೆಯಲ್ಲಿ ಮೊಳೆ ಹೊಡೆದಂತೆ ಕುಳಿತಿತ್ತು. ಈ ಗ್ರಂಥವನ್ನು ತೆರೆದರೆ ಮೊದಲು ಎದುರಾಗುವವನು ಗುತ್ತಿ ಎಂಬ ಹೊಲೆಯಾಳು. ಅವನ ಹಿಂದೆ ಹುಲಿಯ ಎಂಬ ನಾಯಿ. ಗ್ರಂಥಕರ್ತರು ತಮ್ಮ ಕಥೆಯಲ್ಲಿ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲವೆಂದು ಮೊದಲಲ್ಲಿಯೇ ಎಚ್ಚರಿಕೆ ಕೊಟ್ಟಿದ್ದಾರೆ. ಅದನ್ನು ನಾನು ಅಂದು ಎಚ್ಚರಿಕೆಯೆಂದು ತಿಳಿಯದೆ ಅಪರಾಧವೆಂದು ತಿಳಿದೆನು.

ಓದು ಮೊದಲಾಯಿತು. ಮೊದಲ ವಾರ ನಮಗೆ ಭಾಷೆಯೇ ತೊಡಕು. ‘ಹಳು’ ಎಂದರೇನು? ‘ಗೊರಬು’ ಎಂದರೇನು? ಗೊರಬೆಂದರೆ ಮಳೆಯಲ್ಲಿ ಬಾಗಿ ಕೆಲಸ ಮಾಡುವಾಗ ತಲೆಯ ಮೇಲಿಂದ ಬೆನ್ನಿನ ಮೇಲಕ್ಕೆ ಇಳಿಯುವ ಸೊಪ್ಪಿನ ಹೊದಿಕೆ ಎಂದು ಗುಮಾಸ್ತರು ಬಿಡಿಸಿ ಹೇಳಿದರು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಮ್ಮೂರಿನವರಿಗೆ, 7000ಕ್ಕೂ ಮೇಲ್ಪಟ್ಟು ಸುರಿಯುವ ಆಗುಂಬೆಯ ನೆರೆಯ ಕಥೆ! ಬೆವರು ಒರೆಸಿಕೊಳ್ಳುತ್ತ ಜಡಿಮಳೆಯ ವರ್ಣನೆಯನ್ನು ಕೇಳಿದೆವು. ದರ್ಜಿ ಸಾಹೇಬರು, “ಮೇಷ್ಟ್ರೆ, ಆ ಮಳೆಯ ಪುಟವನ್ನು ಇನ್ನೊಮ್ಮೆ ಓದಿಸಿರಿ” ಎಂದು ಕೇಳಿದ್ದುಂಟು. ಪಾದ್ರಿಯ ಬೈಸಿಕಲ್ಲನ್ನು ಹಳ್ಳಿಗರು ‘ಬೀಸೆಕಲ್ಲು’ ಮಾಡಿಕೊಂಡು ಬೆರಗಾಗುವ ಭಾಗವು ಬಂದಾಗ ನಗೆಯ ಸದ್ದಿಗೆ ಎದುರು ಮನೆಯವರೂ ತಮ್ಮ ಮಾಳಿಗೆಯ ಅಂಚಿಗೆ ಬಂದು ನಿಂತರು.

ಗುತ್ತಿ ಮತ್ತು ತಿಮ್ಮಿ. ಐತ ಮತ್ತು ಪೀಂಚಲು. ಮುಕುಂದಯ್ಯ ಮತ್ತು ಚಿನ್ನಮ್ಮ. ಮೂರು ಜೋಡಿಗಳ ಕಥೆ ಮೂರು ಎಳೆಗಳಂತೆ ಹೆಣೆದುಕೊಂಡು ಹೋಗುತ್ತದೆ. ಒಬ್ಬರ ದಾರಿಯಲ್ಲಿ ಇನ್ನೊಬ್ಬರು ಹಾಯುತ್ತಾರೆ; ಒಬ್ಬರ ಸಾಲ ಇನ್ನೊಬ್ಬರ ಮದುವೆಯನ್ನು ಕೆಡಿಸುತ್ತದೆ; ಆಳಿನ ಧೈರ್ಯ ಒಡೆಯನ ಮಗಳಿಗೆ ದಾರಿಯಾಗುತ್ತದೆ. ಇವರ ನಡುವೆ ಹೆಗ್ಗಡೆಗಳು, ಗೌಡರು, ಸೇರೆಗಾರರು, ವಿಧವೆಯರು, ಹುಲಿ, ಹಂದಿ, ಉಂಬಳ ಎಲ್ಲವೂ ಉಂಟು.

ಮಳೆಗಾಲದ ಮೊದಲ ಹನಿಗಳು ಬೀಳುವ ಹೊತ್ತಿಗೆ ಗ್ರಂಥವು ಮುಗಿಯಿತು. ಮರುದಿನ ಓದಿಲ್ಲದೆ, ಒಗ್ಗರಣೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿಗಳನ್ನು ನಡುವೆ ಇಟ್ಟುಕೊಂಡು ಒಬ್ಬೊಬ್ಬರೂ ತಮ್ಮ ಅಭಿಪ್ರಾಯವನ್ನು ಹೇಳುವುದೆಂದಾಯಿತು.

ಗಾರ್ಡರು ಮೊದಲು ಮಾತನಾಡಿದರು. ಗ್ರಂಥವು ಅವರಿಗೆ ಹಿಡಿಸಿರಲಿಲ್ಲ. “ಇದು ಗುಂತಕಲ್ಲಿನಿಂದ ಹುಬ್ಬಳ್ಳಿಗೆ ಹೋಗುವ ಪ್ಯಾಸೆಂಜರು ಗಾಡಿ. ಪ್ರತಿಯೊಂದು ಸ್ಟೇಷನ್ನಿನಲ್ಲಿಯೂ ನಿಲ್ಲುತ್ತದೆ. ನಾವು ಹತ್ತಿದ ಗಾಡಿ ಎಲ್ಲಿಯೋ ಕ್ರಾಸಿಂಗಿಗೆ ನಿಂತಿರುತ್ತದೆ. ಯಾರದೋ ಗಾಡಿ ಮುಂದೆ ಹೋಗುತ್ತದೆ. ಮುಕುಂದಯ್ಯನ ಗತಿ ಏನಾಯಿತೆಂದು ಉಸಿರು ಬಿಗಿಹಿಡಿದು ಕುಳಿತರೆ, ಮುಂದಿನ ಅಧ್ಯಾಯದಲ್ಲಿ ಯಾರೋ ಹಂದಿ ಹೊಡೆಯುತ್ತಿರುತ್ತಾರೆ. ನಾಯಕನಿಲ್ಲದ ಕಥೆ, ಎಂಜಿನ್ನಿಲ್ಲದ ಗಾಡಿ” ಎಂದರು.

ದರ್ಜಿ ಸಾಹೇಬರು ಇದನ್ನು ಒಪ್ಪಲಿಲ್ಲ. “ಒಂದು ಪ್ಯಾಂಟನ್ನು ಯಾರು ಹೊಲಿದವರು ಎಂದು ನಮ್ಮ ಕಾರಖಾನೆಯಲ್ಲಿ ಕೇಳಿರಿ, ಉತ್ತರವಿಲ್ಲ. ಕತ್ತರಿಸಿದವನೊಬ್ಬ, ಜೇಬು ಹೊಲಿದವನೊಬ್ಬ, ಜಿಪ್ಪು ಹಚ್ಚಿದವಳೊಬ್ಬಳು, ಗುಂಡಿ ಹಚ್ಚಿದವನೊಬ್ಬ, ಒಗೆದು ಬಣ್ಣ ಇಳಿಸಿದವನು ಮತ್ತೊಬ್ಬ. ಅವರಲ್ಲಿ ಒಬ್ಬ ರಜೆ ಹಾಕಿದರೆ ಪ್ಯಾಂಟಿಲ್ಲ. ನಾಯಕನಾರು? ಉಡುಪಿನ ಯೋಗ್ಯತೆಯನ್ನು ನಾನು ಒಳಮಗ್ಗುಲು ತಿರುವಿ ನೋಡುತ್ತೇನೆ. ಈ ಪುಸ್ತಕವನ್ನು ತಿರುವಿ ನೋಡಿದೆ, ಹೊಲಿಗೆ ಬಿಟ್ಟ ಜಾಗ ನನಗೆ ಸಿಗಲಿಲ್ಲ” ಎಂದರು.

ಔಷಧದ ಅಂಗಡಿಯ ಯಜಮಾನಿತಿಯವರ ಎದೆ ತಣ್ಣಗಾಗಿತ್ತಂತೆ. ಹಗಲೆಲ್ಲ ಜನರ ನೋವಿನ ಚೀಟಿಗಳನ್ನು ಓದಿ ಬರುವ ತಮಗೆ, ಒಲ್ಲದ ಮದುವೆಯನ್ನು ತಪ್ಪಿಸಿಕೊಂಡು ಕಗ್ಗತ್ತಲೆಯ ಕಾಡಿನೊಳಕ್ಕೆ ನುಗ್ಗಿದ ಚಿನ್ನಮ್ಮನಿಗೆ ಪೀಂಚಲುವಿನಂತಹ ಬಡವೆ ಆಸರೆಯಾದುದನ್ನು ಕೇಳಿ ಲೋಕದ ಮೇಲೆ ಮತ್ತೆ ನಂಬಿಕೆ ಬಂದಿತೆಂದರು. ಅವರ ಮಗಳು ತಾಯಿಯ ಮಾತನ್ನು ಅಲ್ಲಿಯೇ ತಡೆದಳು. “ನಿಮಗೆ ತಣ್ಣಗಾದ ಎದೆ ನನಗೆ ಉರಿಯಿತು, ಅಮ್ಮ. ಕಾವೇರಿಯ ಗತಿಯನ್ನು ಮರೆತಿರಾ? ಮುಕುಂದಯ್ಯ ಚಿನ್ನಮ್ಮರಿಗೆ ಕೊನೆಗೆ ಮನೆ ದಕ್ಕಿತು. ಗುತ್ತಿ ತಿಮ್ಮಿಯರಿಗೆ ದಕ್ಕಿದ್ದು ಏನು? ತುಂಬಿದ ಹೊಳೆ. ಓಡಿಹೋಗುವುದರಲ್ಲಿ ಕೂಡ ಭೂಮಿ ಇರುವವರಿಗೊಂದು ನ್ಯಾಯ, ಇಲ್ಲದವರಿಗೊಂದು ನ್ಯಾಯ. ಇದನ್ನು ಓದಿ ಸುಖವಾಗಿ ನಿದ್ದೆ ಹೋಗುವವರು ಗ್ರಂಥವನ್ನು ಅರ್ಧ ಓದಿದ್ದಾರೆ” ಎಂದಳು. ಹತ್ತೊಂಬತ್ತು ವರ್ಷದ ಹುಡುಗಿ, ಮಾತಿನಲ್ಲಿ ತೂಕವಿತ್ತು. ಗುಮಾಸ್ತರು ಮಾತ್ರ, ತಮಗೆ ಯಾವ ವಿಮರ್ಶೆಯೂ ತಿಳಿಯದೆಂದೂ, ಓದುವಾಗಲೆಲ್ಲ ತಮ್ಮ ಅಜ್ಜಿಯ ದನಿ ಕೇಳಿಸಿತೆಂದೂ ಹೇಳಿ ಸುಮ್ಮನಾದರು.

ಹೆಂಡತಿಯ ಕಡೆಗೆ ತಿರುಗಿ, “ನಿನ್ನ ಅಭಿಪ್ರಾಯವೇನು?” ಎಂದು ವಿನೋದಕ್ಕಾಗಿ ಕೇಳಿದೆನು. ಅವಳು ಶೇಂಗಾ ಸಿಪ್ಪೆಯನ್ನು ಮರದಲ್ಲಿ ಕೇರುತ್ತ, “ಆ ನಾಯಿ ಕೊನೆಯವರೆಗೂ ಅವರ ಹಿಂದೆಯೇ ಹೋಯಿತು, ನೋಡಿರಿ” ಎಂದು ಹೇಳಿ ಕೆಳಕ್ಕೆ ಇಳಿದುಹೋದಳು. ಹುಲಿಯನು ತುಂಬಿದ ತುಂಗೆಯ ಪಾಲಾದ ಭಾಗವು ಹಿಂದಿನ ದಿನವಷ್ಟೇ ಮುಗಿದಿತ್ತು. ಹೆಂಗಸರ ಮನಸ್ಸು ಮೃದುವೆಂದು ತಿಳಿದು ನಾನು ಅದನ್ನು ಅಲ್ಲಿಗೇ ಬಿಟ್ಟೆನು.

ಕೊನೆಯ ಸರದಿ ನನ್ನದು. ನಲವತ್ತು ವರ್ಷಗಳ ಹಿಂದಿನ ನನ್ನ ಅವಜ್ಞೆಗೆ ಪ್ರಾಯಶ್ಚಿತ್ತವೆಂಬಂತೆ ನಾನು ಗ್ರಂಥದ ಪಕ್ಷವನ್ನೇ ಹಿಡಿದೆನು. ಶೂದ್ರಕನ ಮೃಚ್ಛಕಟಿಕವನ್ನು ನೆನೆದೆನು. ಬಡತನಕ್ಕೆ ಬಂದ ಚಾರುದತ್ತ, ವಸಂತಸೇನೆ, ಜೂಜಿನ ಸಾಲದಿಂದ ನೊಂದು ಭಿಕ್ಷುವಾದ ಸಂವಾಹಕ, ಗೋಡೆ ಕೊರೆಯುವಾಗ ಜನಿವಾರದಿಂದ ಅಳತೆ ಹಿಡಿಯುವ ಕಳ್ಳ ಶರ್ವಿಲಕ, ಚಿನ್ನದ ಬಂಡಿಗಾಗಿ ಅತ್ತ ಮಗು: ಇವರಲ್ಲಿ ಯಾರು ಕಡಿಮೆ? ಬಂಡಿಗಳು ಅದಲುಬದಲಾದುದರಿಂದ ಒಬ್ಬಳ ಪ್ರಾಣಕ್ಕೆ ಬಂದಿತು, ಒಬ್ಬನ ಪ್ರಾಣ ಉಳಿಯಿತು. ಆದುದರಿಂದ ಹೆಣೆದ ಬಾಳಿನ ಕಥೆಯು ಹೊರಗಿನಿಂದ ಬಂದ ಪದ್ಧತಿಯಲ್ಲ. ನಮ್ಮ ಹಿರಿಯರು ಅದನ್ನು ಹತ್ತು ಅಂಕಗಳಲ್ಲಿ ಆಡಿ ತೋರಿಸಿದ್ದಾರೆ ಎಂದೆನು. ಬಳಿಕ ಸಹೃದಯನೆಂದರೆ ಯಾರು ಎಂಬ ವಿಷಯಕ್ಕೆ ಬಂದೆನು. ಕಾವ್ಯದ ಅಭ್ಯಾಸದಿಂದ ಮನಸ್ಸಿನ ಕನ್ನಡಿ ತಿಳಿಯಾಗಿ, ವರ್ಣಿತವಾದುದರಲ್ಲಿ ತನ್ಮಯನಾಗಬಲ್ಲವನೇ ಸಹೃದಯನೆಂದು ಅಭಿನವಗುಪ್ತನ ಮತವನ್ನು ವಿವರಿಸಿದೆನು. ಚಿನ್ನಮ್ಮನು ಮನೆಯ ಹೊಸ್ತಿಲು ದಾಟಿದ ಆ ರಾತ್ರಿಯ ಭಾಗವನ್ನು ಓದುವಾಗ ನನ್ನ ಕಣ್ಣು ಹನಿಗೂಡಿದುದನ್ನೂ, ಅವಳು ಸುಖವಾಗಿ ಬಾಳಲೆಂದು ಮನಸ್ಸಿನಲ್ಲಿಯೇ ಹರಸಿದುದನ್ನೂ ದೃಷ್ಟಾಂತವಾಗಿ ಹೇಳಿದೆನು. ಅರ್ಧ ಗಂಟೆಯಾದರೂ ಮಾತನಾಡಿರಬೇಕು. ಹಳೆಯ ಅಭ್ಯಾಸ.

ಎಲ್ಲರೂ ಎದ್ದರು. ದರ್ಜಿ ಸಾಹೇಬರು ಮೆಟ್ಟಿಲ ಬಳಿ ನಿಂತು, ಇತರರು ಇಳಿದುಹೋದ ಮೇಲೆ, ತಗ್ಗಿದ ದನಿಯಲ್ಲಿ, “ಮೇಷ್ಟ್ರೆ, ತಪ್ಪು ತಿಳಿಯಬೇಡಿರಿ. ಓಡಿಹೋದ ಚಿನ್ನಮ್ಮನಿಗೆ ನೀವು ಹರಸಿದಿರಿ. ಸಿರುಗುಪ್ಪದಲ್ಲಿರುವವಳಿಗೆ?” ಎಂದರು. ನನ್ನ ಉತ್ತರಕ್ಕೆ ಕಾಯದೆ ಇಳಿದುಹೋದರು.

ವಾಚಕರು ಈಗ ನನ್ನ ಮನೆಯ ವಿಷಯವನ್ನು ಸ್ವಲ್ಪ ಕೇಳಬೇಕಾಗಿದೆ. ನನಗೊಬ್ಬಳೇ ಮಗಳು. ಹನ್ನೊಂದು ವರ್ಷಗಳ ಹಿಂದೆ ಅವಳು ಅನ್ಯಜಾತಿಯ ತರುಣನೊಬ್ಬನನ್ನು ತಾನಾಗಿಯೇ ವರಿಸಿದಳು. ನನ್ನನ್ನು ಕೇಳಿದಳು, ಒಂದು ಸಲವಲ್ಲ, ಒಂದು ವರ್ಷ ಕೇಳಿದಳು. ನಾನು ಒಪ್ಪಲಿಲ್ಲ. ಅವರು ರಿಜಿಸ್ಟ್ರಾರರ ಕಛೇರಿಯಲ್ಲಿ ಮದುವೆಯಾಗಿ ಸಿರುಗುಪ್ಪಕ್ಕೆ ಹೋದರು. ಅವನು ಅಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾನೆ. ನಾನು ಅವಳನ್ನು ಬಯ್ಯಲಿಲ್ಲ, ಶಪಿಸಲಿಲ್ಲ. ಮಾತು ನಿಲ್ಲಿಸಿದೆನು, ಅಷ್ಟೆ. ಬಯ್ಯದಿರುವುದನ್ನು ನನ್ನ ಔದಾರ್ಯವೆಂದು ಎಣಿಸಿಕೊಂಡಿದ್ದೆನು. ನನ್ನ ಹೆಂಡತಿಗೆ ಮಾತ್ರ ಆ ವರ್ಷದಿಂದ ಕುರುಗೋಡಿನ ದೊಡ್ಡಬಸವೇಶ್ವರನಲ್ಲಿ ಭಕ್ತಿಯು ಹೆಚ್ಚಾಯಿತು. ವರ್ಷಕ್ಕೆ ನಾಲ್ಕು ಸಲ ದರ್ಶನಕ್ಕೆಂದು ಹೋಗಿ ಮರುದಿನ ಬರುತ್ತಿದ್ದಳು. ಬರುವಾಗ ಚೀಲದಲ್ಲಿ ಸಿರುಗುಪ್ಪದ ಹೊಸ ಅಕ್ಕಿ ಇರುತ್ತಿತ್ತು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ಅಕ್ಕಿಯ ಅನ್ನವನ್ನು ನಾನು ಉಂಡೆನು.

ಆ ರಾತ್ರಿ ನಿದ್ದೆ ಬರಲಿಲ್ಲ. ಸಾಹೇಬರ ಮೇಲೆ ಮೊದಲು ಕೋಪವೇ ಬಂದಿತು. ಕಾವ್ಯವೇ ಬೇರೆ, ಲೋಕವೇ ಬೇರೆ. ಅಲೌಕಿಕವಾದ ರಸಕ್ಕೂ ಲೌಕಿಕವಾದ ವ್ಯವಹಾರಕ್ಕೂ ಗಂಟು ಹಾಕುವುದು ಅಜ್ಞಾನವೆಂದು ಮನಸ್ಸಿನಲ್ಲಿಯೇ ಪೂರ್ವಪಕ್ಷ ಹೂಡಿದೆನು. ಆದರೆ ಸಿದ್ಧಾಂತವು ನನ್ನ ಕಡೆಗೆ ಬರಲಿಲ್ಲ. ಏಕೆಂದರೆ ಚಿನ್ನಮ್ಮನು ನನಗೆ ಏನೂ ಆಗಬೇಕಾದವಳಲ್ಲ. ಅವಳನ್ನು ಹರಸುವುದಕ್ಕೆ ನಾನು ಏನನ್ನೂ ಬಿಡಬೇಕಾಗಿರಲಿಲ್ಲ. ನನ್ನ ಕಣ್ಣೀರು ಖರ್ಚಿಲ್ಲದ ಕಣ್ಣೀರು. ಕಾಲೇಜಿನ ಹುಡುಗಿ ಹೇಳಿದುದು ಈ ಮಾತನ್ನೇ ಅಲ್ಲವೆ? ಓದಿ ಸುಖವಾಗಿ ನಿದ್ದೆ ಹೋಗುವವನು ನಾನೇ ಆಗಿದ್ದೆನು. ಆಗ ನನ್ನ ಹೆಂಡತಿಯ ಮಾತಿನ ಅರ್ಥವೂ ತಿಳಿಯಿತು. ನಾಯಿ ಹಿಂದೆ ಹೋಯಿತು. ಹೋಗದವರು ಯಾರೆಂಬುದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ.

ಬಾಯಾರಿ ಎದ್ದು ನೀರು ಕುಡಿದೆನು. ತುಂಗೆಯು ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಹೊಸಪೇಟೆಯ ಅಣೆಕಟ್ಟಿನಲ್ಲಿ ತಂಗಿ, ಕಾಲುವೆಯಲ್ಲಿ ಹರಿದು, ಅಲ್ಲೀಪುರದ ಕೆರೆಗೆ ಬಂದು, ನಮ್ಮ ನಲ್ಲಿಗೆ ಬರುತ್ತಾಳೆ. ಹುಲಿಯನನ್ನು ಒಯ್ದ ನೀರು ಅದೇ. ಸಿರುಗುಪ್ಪದ ಗದ್ದೆಗಳಿಗೆ ಹಾಯುವ ನೀರೂ ಅದೇ. ಇದನ್ನು ಭೂಗೋಳದ ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆನು.

ಮರುದಿನ ಬೆಳಗ್ಗೆ ಗುಮಾಸ್ತರಿಂದ ಗ್ರಂಥವನ್ನು ಕೇಳಿ ಪಡೆದು, ಹೆಂಡತಿಗೆ ‘ಹೊರಡು’ ಎಂದೆನು. ಎಲ್ಲಿಗೆಂದು ಅವಳು ಕೇಳಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ, “ಇದು ಕುರುಗೋಡಿಗೆ ಹೋಗುವುದಿಲ್ಲ” ಎಂದಳು. “ನನಗೆ ಗೊತ್ತು” ಎಂದೆನು. ಎರಡು ಗಂಟೆಯೂ ಹಿಡಿಯದ ದಾರಿ. ಹನ್ನೊಂದು ವರ್ಷ ಅದು ನನಗೆ ಮುಗಿದಿರಲಿಲ್ಲ.

ಮಗಳು ಬಾಗಿಲು ತೆರೆದು ನಿಂತಳು. ಕಾದಂಬರಿಗಳಲ್ಲಿ ಇಂತಹ ಸಂದರ್ಭದಲ್ಲಿ ಏನಾಗುವುದೋ ಅದು ಆಗಲಿಲ್ಲ. ಕಾಲಿಗೆ ನೀರು ಕೊಟ್ಟಳು. ಕೈಯಲ್ಲಿದ್ದ ಗ್ರಂಥವನ್ನು ನೋಡಿ ಇದೇನೆಂದು ಕೇಳಿದಳು. ನಾನು ತಡವರಿಸುತ್ತ ಮಾಳಿಗೆಯ ಕಥೆಯನ್ನು ಹೇಳಿದೆನು. ಅವಳು ಪೂರ್ತಿ ಕೇಳಿ, “ಅಪ್ಪಾ, ಅಮ್ಮ ಹನ್ನೊಂದು ವರ್ಷ ಕರೆದಳು, ಬರಲಿಲ್ಲ. ಕಥೆಯ ಪುಸ್ತಕವೊಂದು ಕರೆಯಿತು, ಬಂದಿರಿ” ಎಂದಳು. ಕೋಪದಿಂದ ಹೇಳಲಿಲ್ಲ, ಲೆಕ್ಕ ಒಪ್ಪಿಸುವಂತೆ ಹೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ; ಈಗಲೂ ಇಲ್ಲ. ಎಂಟು ವರ್ಷದ ಹುಡುಗನೊಬ್ಬನು ಬಾಗಿಲ ಮರೆಯಲ್ಲಿ ನಿಂತು ನನ್ನ ಕನ್ನಡಕವನ್ನು ನೋಡುತ್ತಿದ್ದನು. ಅವನು ತನ್ನ ಅಜ್ಜಿಯನ್ನು ಬಲ್ಲನು. ಅವಳ ಪಕ್ಕದಲ್ಲಿ ಕುಳಿತವನು ಯಾರೆಂಬುದು ಅವನಿಗೆ ತಿಳಿಯದು.

ಮಧ್ಯಾಹ್ನ ಗಿರಣಿಯಿಂದ ಬಂದ ಅಳಿಯನು ನನ್ನನ್ನು ಕಂಡು ಒಂದು ಕ್ಷಣ ನಿಂತು, “ಊಟವಾಯಿತೆ, ಮಾವ?” ಎಂದು ಕೇಳಿದನು. ಹನ್ನೊಂದು ವರ್ಷದಿಂದ ಬಳಸದೆ ಇಟ್ಟುಕೊಂಡಿದ್ದ ಆ ಶಬ್ದವನ್ನು ನಿನ್ನೆಯೂ ಕರೆದಿದ್ದವನಂತೆ ನುಡಿದನು. ಇಲ್ಲವೆಂದೆನು. ಎಲೆ ಹಾಕಿದರು. ಅವನ ಪಕ್ಕದಲ್ಲಿ ಕುಳಿತು ಉಂಡೆನು.

ಇನ್ನು ಗ್ರಂಥದ ವಿಷಯ. ಇದನ್ನೆಲ್ಲ ಓದಿ, ಒಳ್ಳೆಯ ಕಾದಂಬರಿಯು ಮನುಷ್ಯನನ್ನು ತಿದ್ದುವುದೆಂಬ ಸಿದ್ಧಾಂತವನ್ನು ನಾನು ಮಾಡುವೆನೆಂದು ವಾಚಕರು ಎದುರು ನೋಡಬಾರದು. ಗ್ರಂಥವು ಹರಿಸಿದುದು ನನ್ನ ಕಣ್ಣೀರನ್ನು. ಬಸ್ಸು ಹತ್ತಿಸಿದುದು ಒಬ್ಬ ನೆರೆಯವನ ಪ್ರಶ್ನೆ. ಆದರೆ ಆ ಗ್ರಂಥವನ್ನು ಕೂಡಿ ಓದಿರದಿದ್ದರೆ ಆ ಪ್ರಶ್ನೆಯನ್ನು ಕೇಳುವ ಸಲಿಗೆಯು ಅವರಿಗೆ ಬರುತ್ತಿರಲಿಲ್ಲ, ಕೇಳುವ ಕಿವಿಯೂ ನನಗೆ ಇರುತ್ತಿರಲಿಲ್ಲ. ಒಬ್ಬನೇ ಓದಿದ್ದರೆ ಅತ್ತು, ಮೆಚ್ಚಿ, ಕಪಾಟಿನಲ್ಲಿ ಇಡುತ್ತಿದ್ದೆನು. ಭಿನ್ನಾಭಿಪ್ರಾಯವಿದ್ದುದರಿಂದಲೇ ಉಪಕಾರವಾಯಿತು. ಎಲ್ಲರೂ ‘ಎದೆ ತಣ್ಣಗಾಯಿತು’ ಎಂದು ಏಕಕಂಠದಿಂದ ಹೇಳಿದ್ದರೆ ನನ್ನ ಎದೆಯೂ ತಣ್ಣಗೇ ಇರುತ್ತಿತ್ತು.

ನಮ್ಮ ಮಾಳಿಗೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಗಾರ್ಡರು ಎಂಜಿನ್ನಿಲ್ಲದ ಗಾಡಿಯೆಂಬ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ಮೈಸೂರಿನ ರಂಗಾಯಣದವರು 2010ರಲ್ಲಿ ಈ ಕಥೆಯನ್ನು ಇರುಳಿಡೀ ಆಡಿ ತೋರಿಸಿದರೆಂದು ಕೇಳಿ, ಹಾಗಾದರೆ ರಾತ್ರಿಯ ಡ್ಯೂಟಿ ಮಾಡಿದ ತಮಗೇ ಅದು ತಕ್ಕುದೆಂದರು. ಹುಡುಗಿಯು ಗುತ್ತಿಗೆ ನ್ಯಾಯ ದೊರೆಯಲಿಲ್ಲವೆಂದು ಈಗಲೂ ವಾದಿಸುತ್ತಾಳೆ. ಅವಳಿಗೆ ಸಮಾಧಾನ ಹೇಳುವ ಶಕ್ತಿ ನನಗಿಲ್ಲ. ಗುಮಾಸ್ತರು ತಮ್ಮ ಪ್ರತಿಯನ್ನು ಎರಡು ಸಲ ಕೇಳಿದರು. ಅದು ಸಿರುಗುಪ್ಪದಲ್ಲಿದೆ. ಮಗಳು ದಿನಕ್ಕೆ ಹತ್ತು ಪುಟದಂತೆ ಓದಿ, ಮಗನಿಗೆ ಕಥೆ ಹೇಳುತ್ತಿದ್ದಾಳಂತೆ. ಹೋದ ವಾರ ಹುಡುಗನು ದೂರವಾಣಿಯಲ್ಲಿ, “ತಾತಾ, ಹುಲಿಯ ಕೊನೆಗೆ ಮನೆಗೆ ಬರುತ್ತದೆಯೇ?” ಎಂದು ಕೇಳಿದನು. ಅವನ ತಾಯಿ ಇನ್ನೂ ಅಲ್ಲಿಯವರೆಗೆ ಓದಿಲ್ಲ. ಮುಂದಿನ ಭಾನುವಾರ ಬಂದು ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ.